ಬಣ್ಣದಲ್ಲಿ ಬರೆದ ಕಿಟಕಿ

ಸ್ಕಾಟ್ಲೆಂಡಿನ ಡ್ರಮ್‌ಕೆರನ್ ಬಂಗಲೆಯ ಮುಂದೆ ಊನಾ ಗೆಡ್ಡಿಸ್ ಮಾತಿಗೆ ನಿಂತರೆ ಜನ ನಗದೆ ಒಳಗೆ ಹೋದದ್ದಿಲ್ಲ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ, ಬೇಸಿಗೆಯ ಶನಿವಾರಗಳಲ್ಲಿ ಅವಳು ನೋಡಲು ಬಂದವರಿಗೆ ಬಿಟ್ಟಿಯಾಗಿ ಆ ಹಳೆಯ ಮನೆ ತೋರಿಸುತ್ತಿದ್ದಳು. ಆ ನಗುವೇ ಅವಳಿಗೆ ಸಂಬಳ.

ಅಂದು ಗುಂಪಿನ ಹಿಂದಿನಿಂದ ನೀಲಿ ಕೋಟಿನ ಮುದುಕಿಯೊಬ್ಬಳು ಕೈ ಎತ್ತಿದಳು. “ಮೇಲಿನ ಸಾಲಲ್ಲಿ, ಬಲಗಡೆ ಕೊನೇ ಕಿಟಕಿ ಇದೆಯಲ್ಲ, ಆ ಕೋಣೆಗೂ ಕರ್ಕೊಂಡು ಹೋಗ್ತೀರೇನಮ್ಮ?”

ಯಾಕೆ ಎಂದು ಕೇಳಬಹುದಿತ್ತು. ಊನಾಗೆ ಹೊಳೆಯಲಿಲ್ಲ. ಅವಳ ಮೆಚ್ಚಿನ ಹಾಸ್ಯಕ್ಕೆ ಯಾರೋ ತಾವಾಗಿಯೇ ಬಾಗಿಲು ತೆರೆದಿದ್ದರು.

“ಸರಿಯಾಗಿ ನೋಡಿ, ಅದು ಕಿಟಕೀನೇ ಅಲ್ಲ! ಕಲ್ಲಿನ ಮೇಲೆ ಕಪ್ಪು ಗಾಜು, ಬಿಳಿ ಚೌಕಟ್ಟು ಬರ್ದಿದ್ದಾರೆ. ಎಡಗಡೆ ಐದಿದ್ರೆ ಬಲಗಡೆಗೂ ಐದಿರ್ಬೇಕು, ಇಲ್ಲಾಂದ್ರೆ ಮನೆಗೆ ಮೆಳ್ಳೆಗಣ್ಣು ಬಂದಂಗೆ. ಹಿಂದಿರೋದು ಬರೀ ಹೊಗೆಗೂಡು. ಅಲ್ಲಿ ನಿಂತು ಎದುರಿನ ಕೆರೆ ನೋಡ್ತಿದ್ದೆ ಅಂತ ಯಾವಳಾದ್ರೂ ಅಂದ್ರೆ, ಒಂದೋ ಅವಳು ದೆವ್ವ, ಇಲ್ಲಾ ಸುಳ್ಳುಬುರುಕಿ!”

“ಇಲ್ಲಾ ನಮ್ಮತ್ತೆ!” ಎಂದ ಟೋಪಿಯವನೊಬ್ಬ. ಎಲ್ಲರೂ ಗೊಳ್ಳೆಂದರು. ಮುದುಕಿಯೂ ನಕ್ಕಳು, ಎಲ್ಲರಿಗಿಂತ ತಡವಾಗಿ.

ಊಟದ ಕೋಣೆಯ ಚಾವಣಿಯಲ್ಲಿ ಗಾರೆಯ ಹೂಬಳ್ಳಿಗಳನ್ನು ತೋರಿಸುವಾಗ ನೀಲಿ ಕೋಟು ಕಾಣಲಿಲ್ಲ. ಬಾಗಿಲಾಚೆ ಬೆಂಚಿನ ಮೇಲೆ ಅವಳು ಒಬ್ಬಳೇ ಕುಳಿತಿದ್ದಳು.

“ಕಾಲು ನೋವೇ?” ಊನಾ ಪಕ್ಕಕ್ಕೆ ಬಂದು ಕೇಳಿದಳು.

“ಇಲ್ಲಮ್ಮ. ನಮ್ಮಮ್ಮ ಇಲ್ಲಿ ಅಡುಗೆಮನೆ ಕೆಲಸಕ್ಕಿದ್ದಳು. ಬಸ್ಸು ಈ ಗೇಟು ದಾಟಿದಾಗೆಲ್ಲ ಬೆರಳು ಮಾಡೋಳು, ‘ನೆಟ್ಟಾ, ಅದೇ ಕಣೇ ನನ್ನ ಕೋಣೆ. ಬೆಳಿಗ್ಗೆ ಎದ್ರೆ ಕೆರೆಯೆಲ್ಲ ನಂದೇ’ ಅಂತ. ಬಸ್ಸಿನೋರಿಗೆಲ್ಲ ಕೇಳೋ ಹಂಗೆ!”

ಊನಾಳ ಕಿವಿಯವರೆಗೂ ಬಿಸಿಯೇರಿತು. “ಮೊದಲು ನಿಜವಾದ ಕಿಟಕೀನೇ ಇತ್ತೇನೋ, ಆಮೇಲೆ ಮುಚ್ಚಿ...”

“ಬೇಡಮ್ಮ.” ಮುದುಕಿ ನೆಟ್ಟಾ ಊನಾಳ ಕೈ ತಟ್ಟಿದಳು. “ನಮ್ಮಮ್ಮ ಹೇಳಿದ ಸುಳ್ಳಿಗೆ ನಿಮ್ಮದೂ ಒಂದು ಯಾಕೆ? ಅವಳು ಮಲಗ್ತಿದ್ದ ಜಾಗ ತೋರ್ಸಿ, ಸಾಕು.”

ಟೋಪಿಯವನು ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. ಟೋಪಿ ಈಗ ಅವನ ಕೈಯಲ್ಲಿತ್ತು. “ಹೋಗ್ಬನ್ನಿ, ನಾವಿಲ್ಲಿ ಹೂ ನೋಡ್ತಿರ್ತೀವಿ. ಅವಸರ ಏನಿಲ್ಲ,” ಎಂದು ಮೆಲ್ಲಗೆ ಹೇಳಿ, ಉಳಿದವರನ್ನು ಒಳಗೇ ನಿಲ್ಲಿಸಿಕೊಂಡ.

ಹಿಂಬದಿಯ ಮೆಟ್ಟಿಲು ಗೋಡೆಯೊಳಗೇ ಸುತ್ತಿಕೊಂಡು ಏರುತ್ತಿತ್ತು. ಊನಾ ಅಲ್ಲಿಗೆ ಯಾರನ್ನೂ ಕರೆತಂದವಳಲ್ಲ. ತುದಿಯಲ್ಲಿ ಸೂರಿನಡಿಯ ಇಕ್ಕಟ್ಟಿನ ಕೋಣೆ, ಎರಡು ಕಬ್ಬಿಣದ ಮಂಚ. ಬೆಳಕು ಬರುವುದು ಸೂರಿಗೆ ಕೂರಿಸಿದ ಒಂದು ಗಾಜಿನಿಂದ. ನೆಟ್ಟಾ ತುದಿಗಾಲಲ್ಲಿ ನಿಂತು ನೋಡಿದಳು. ಮೋಡವಲ್ಲದೆ ಬೇರೇನೂ ಕಾಣಲಿಲ್ಲ.

“ಒಂದು ಗಳಿಗೆ ಹೊರಗಿರ್ತೀರಾಮ್ಮ?”

ಊನಾ ಬಾಗಿಲೆಳೆದುಕೊಂಡು ಮೆಟ್ಟಿಲ ಮೇಲೆ ಕುಳಿತಳು. ಒಳಗಿನಿಂದ ಸಣ್ಣ ನಗು ಕೇಳಿಸಿತು. “ಚೆನ್ನಾಗಿ ನಂಬಿಸಿದ್ದೆ ಕಣಮ್ಮ ನಮ್ಮನ್ನ!” ಆಮೇಲೆ ಮೂಗೆಳೆದುಕೊಳ್ಳುವ ಸದ್ದು.

ಕಿಟಕಿಯ ಆ ಹಾಸ್ಯ ಊನಾ ಈ ಬೇಸಿಗೆಯಲ್ಲಿ ಹುಟ್ಟಿಸಿದ್ದಲ್ಲ. ಹಳೆಯ ಬೇಸಿಗೆಗಳ ಮುಖಗಳನ್ನು ಅವಳು ನೆನೆಯಲು ಯತ್ನಿಸಿದಳು. ಅವರಲ್ಲಿ ಯಾರ್ಯಾರು ತಡವಾಗಿ ನಕ್ಕಿದ್ದರೋ! ಒಂದು ಮುಖವೂ ನೆನಪಾಗಲಿಲ್ಲ. ಅವಳು ಕೇಳಿಸಿಕೊಳ್ಳುತ್ತಿದ್ದುದು ನಗುವನ್ನಷ್ಟೇ.

ನೆಟ್ಟಾ ಕಣ್ಣೊರೆಸಿಕೊಂಡು ಹೊರಬಂದಳು. ಊನಾ ಎದ್ದಳೇ ಹೊರತು ತಲೆ ಎತ್ತಲಿಲ್ಲ.

“ಇಳಿಯೋದು ಕಷ್ಟ ಇದೆ,” ನೆಟ್ಟಾ ತೋಳು ಚಾಚಿದಳು. “ನನ್ನ ಹಿಡ್ಕೊಳ್ಳಿ, ಬನ್ನಿ.”

ಊನಾ ಹಿಡಿದುಕೊಂಡಳು.