ಹಸಿವು ಕಾಣದ ಊರು

ಒಂದು ಊರಿನ ಕೆರೆ ದಂಡೆಯಲ್ಲಿ ತಬ್ಬಲಿ ಮಕ್ಕಳ ಆಶ್ರಮವಿತ್ತು. ಅಲ್ಲಿ ಅಡುಗೆ ಮಾಡುತ್ತಿದ್ದವಳು ದೇವೀರಮ್ಮ. ಊರಿನ ಮನೆಗಳಿಂದ ರಾಗಿ ಬರುತ್ತಿತ್ತು, ಸಂತೆ ಮುಗಿದ ಮೇಲೆ ಮಿಕ್ಕ ಸೊಪ್ಪು ಬರುತ್ತಿತ್ತು. ಕೊಟ್ಟವರು ಯಾರೂ ತಮ್ಮ ಹೆಸರು ಬರೆಸುತ್ತಿರಲಿಲ್ಲ. ದೇವೀರಮ್ಮ ಮುದ್ದೆ ಕಟ್ಟಿ, ಸಾರು ಕಾಯಿಸಿ, ಪ್ರತಿ ಮಗು ಸಾಕೆನ್ನುವವರೆಗೂ ಬಡಿಸುತ್ತಿದ್ದಳು.

ಒಂದು ದಿನ ದೊಡ್ಡ ಬಿಸ್ಕತ್ತು ಕಂಪನಿಯ ವ್ಯಾನು ಬಂದು ಆಶ್ರಮದ ಮುಂದೆ ನಿಂತಿತು. ಅದರಿಂದ ಇಳಿದವನು ಕಂಪನಿಯ ದಾನಾಧಿಕಾರಿ. ಮಕ್ಕಳು ಆಗಷ್ಟೇ ಉಂಡು ಕೈ ತೊಳೆದಿದ್ದರು. ಅವನು ಒಂದೊಂದೇ ಮುಖವನ್ನು ನೋಡುತ್ತಾ ಹೋದ. ಕೊನೆಗೆ ಆಶ್ರಮದ ಯಜಮಾನರ ಕಡೆ ತಿರುಗಿ, "ಇಲ್ಲಿ ಹಸಿವು ಕಾಣುತ್ತಿಲ್ಲ. ನಮ್ಮ ದಾನ ಹಸಿದವರಿಗೆ ಮಾತ್ರ" ಎಂದ.

ಯಜಮಾನರು ಅವನ ಹಿಂದೆಯೇ ಹೋಗಿ ಬೇಡಿಕೊಂಡರು. ಎಂಟು ದಿನ ಬಿಟ್ಟು ಫೋಟೋದವರೊಂದಿಗೆ ಬರುವುದಾಗಿ ಅವನು ಒಪ್ಪಿದ. ವ್ಯಾನು ಮರೆಯಾದ ಕೂಡಲೇ ಯಜಮಾನರು ಉಗ್ರಾಣಕ್ಕೆ ಬೀಗ ಹಾಕಿ, ಅಲ್ಲಿಯವರೆಗೆ ಮಕ್ಕಳಿಗೆ ತಿಳಿಗಂಜಿ ಸಾಕೆಂದರು.

"ಹಸಿವು ನೀಗಿಸೋಕೆ ಬಂದೋರಿಗೆ, ಹೊಟ್ಟೆ ತುಂಬಿದ ಮಕ್ಕಳನ್ನ ಕಂಡ್ರೆ ಸಂತೋಷ ಆಗ್ಬೇಕಲ್ವಾ ಸ್ವಾಮಿ?" ಎಂದು ದೇವೀರಮ್ಮ ಕೇಳಿದಳು.

"ಎಂಟೇ ದಿನ, ದೇವೀರಮ್ಮ. ಆಮೇಲೆ ವರ್ಷವೆಲ್ಲಾ ಬರುತ್ತೆ."

ಅವಳು ಗಂಜಿ ಕಾಯಿಸಿದಳು. ಮೊದಲೆರಡು ದಿನ ಮಕ್ಕಳು ಇನ್ನಷ್ಟು ಕೇಳಿದರು. ನಾಲ್ಕನೆಯ ದಿನದಿಂದ ಕೇಳುವುದನ್ನೂ ಬಿಟ್ಟರು. ಎಲ್ಲರಿಗಿಂತ ಚಿಕ್ಕವಳಾದ ಪುಟ್ಟಗೌರಿ ಆಟಕ್ಕೆ ಹೋಗದೆ ಗೋಡೆಗೊರಗಿ ಕೂತಿರುತ್ತಿದ್ದಳು. ಎಂಟನೆಯ ದಿನ ಬೆಳಿಗ್ಗೆ ದೇವೀರಮ್ಮ ತನ್ನ ಮನೆಯ ರಾಗಿಹಿಟ್ಟನ್ನೆಲ್ಲಾ ಸುರಿದು ಮುದ್ದೆ ಮಾಡಿ, ಬುಟ್ಟಿಯಲ್ಲಿ ಹೊತ್ತು ತಂದು, ಯಜಮಾನರು ಬರುವ ಮೊದಲೇ ಮಕ್ಕಳಿಗೆ ಉಣಿಸಿದಳು.

ವ್ಯಾನು ಬಂದಾಗ ಪುಟ್ಟಗೌರಿ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ದಾನಾಧಿಕಾರಿ ಕೆಳಗೆ ಇಳಿಯಲೇ ಇಲ್ಲ.

ಸಂಜೆಯೊಳಗೆ ಸುದ್ದಿ ಊರೆಲ್ಲಾ ಹಬ್ಬಿತು. ಮಕ್ಕಳ ಬಾಯಿಗೆ ಬಂದ ಅನ್ನವನ್ನು ಕಸಿದವಳು ಎಂದು ಜನ ದೇವೀರಮ್ಮನನ್ನು ಬೈದರು. ಯಜಮಾನರು ಅವಳನ್ನು ಕೆಲಸದಿಂದ ಬಿಡಿಸಿದರು. ಅಂಥವಳನ್ನು ಬೇರೆ ಯಾರೂ ಅಡುಗೆಮನೆಗೆ ಸೇರಿಸಲಿಲ್ಲ. ಇಂದಲ್ಲ ನಾಳೆ ಕಂಪನಿಯೇ ಕೊಡುತ್ತದಲ್ಲ ಎಂದುಕೊಂಡು ಊರಿನವರು ಆಶ್ರಮಕ್ಕೆ ರಾಗಿ ಕಳಿಸುವುದನ್ನು ನಿಲ್ಲಿಸಿದರು. ಸಂತೆಯ ಸೊಪ್ಪು ದನಗಳ ಪಾಲಾಯಿತು.

ಮರುವರ್ಷ ವ್ಯಾನು ಮತ್ತೆ ಬಂತು. ಈ ಸಲ ಯಾರಿಗೂ ಏನೂ ಹೇಳಿಕೊಡಬೇಕಾಗಿರಲಿಲ್ಲ. ಮಕ್ಕಳು ಸದ್ದಿಲ್ಲದೆ ಸಾಲಾಗಿ ನಿಂತರು. ಗೇಟಿನ ಹೊರಗೆ ನಿಂತಿದ್ದ ದೇವೀರಮ್ಮನ ಬತ್ತಿದ ಕೆನ್ನೆ ಫೋಟೋದವನ ಕಣ್ಣಿಗೆ ಬಿತ್ತು. ಅವನು ಅವಳನ್ನೂ ಕರೆತಂದು ಸಾಲಿನ ಮುಂದೆ ನಿಲ್ಲಿಸಿದ. ದಾನಾಧಿಕಾರಿ ಅವಳ ಕೈಗೆ ಬಿಸ್ಕತ್ತಿನ ಪೊಟ್ಟಣವಿಟ್ಟ. ಅವಳು ಅದನ್ನು ಹರಿದು ಪಕ್ಕದಲ್ಲಿದ್ದ ಪುಟ್ಟಗೌರಿಯ ಬಾಯಿಗೆ ಒಂದು ಬಿಸ್ಕತ್ತು ಇಡಹೋದಳು.

"ತಡೀರಿ ಅಜ್ಜಿ, ಫೋಟೋ ಆಗಲಿ" ಎಂದು ದಾನಾಧಿಕಾರಿ ಅವಳ ಕೈ ಹಿಡಿದ. ಹರಿದದ್ದನ್ನು ತೆಗೆದಿಟ್ಟು ಹೊಸ ಪೊಟ್ಟಣ ಕೊಟ್ಟ.

ಫೋಟೋ ತೆಗೆಯುವುದು ಬಹಳ ಹೊತ್ತು ನಡೆಯಿತು. ಹೊರಡುವ ಮುನ್ನ ದಾನಾಧಿಕಾರಿ ಯಜಮಾನರ ಎರಡೂ ಕೈ ಹಿಡಿದುಕೊಂಡು ಹೇಳಿದ:

"ಹೋದ ವರ್ಷ ನಿಮ್ಮ ಊರಿನ ಮೇಲೆ ನನಗೆ ಬೇಸರವಾಗಿತ್ತು. ಇವತ್ತು ಮನಸ್ಸು ತುಂಬಿತು."