ಜೋಗಪ್ಪನ ಗಂಜಿ ಕಂಬಳಿ

ನಾನು ಹೇಳೋದ್ರಾಗೆ ಒಂದು ಮಾತು ಸುಳ್ಳಿದ್ರೆ ಈ ಚುಟ್ಟ ಈಗ್ಲೇ ಆರಿಹೋಗ್ಲಿ. ಆರ್ತಲ್ಲ... ಗಾಳಿ ಅದು, ಬಿಡ್ರಿ. ಬೇಕಾದ್ರೆ ಇಲ್ಲೇ ಕುಂತಿರೋ ಜೋಗಪ್ಪನ್ನ ಕೇಳ್ರಿ. ಕಂಬಳಿಯೊಳಗೆ ಸಿಗಾಕ್ಕಂಡಿದ್ದೋನು ಅವನೇ.

ಪ್ಲೇಗು ಬಂದು ಚಳ್ಳಕೆರೆ ಬಿಟ್ಟು ಹೊಲದಾಗೆ ಗುಡಿಸಲು ಹಾಕ್ಕಂಡಿದ್ವಲ್ಲ, ಅದರ ಮುಂದಿನ ಬೇಸಿಗೆ. ಜೋಗಪ್ಪನ ಮಗಳ ಮದುವೆ. ಹೆಣ್ಣು ಗಂಡು ಕೂರೋ ಗದ್ದಿಗೆಗೆ ಹಾಸಾಕೆ ಕರಿ ಕಂಬಳಿ ಅವನೇ ನೇಯ್ದಿದ್ದ. ಬೀಗರ ಮುಂದೆ ಬಿರುಸಾಗಿ ಕಾಣ್ಲಿ ಅಂತ ಹುಣಸೆ ಬೀಜದ ಗಂಜಿ ದಪ್ಪಗೆ ಬಳಿದ. ಒಣಗಾಕೆ ಹಾಕಿದ್ರೆ ಗಾಳಿ ಎತ್ಕಂಡು ಹೋಗ್ತೈತೆ. ಈ ಮಹಾರಾಯ ಏನ್ಮಾಡ್ದ, ಹಸಿ ಕಂಬಳೀನೇ ತಲೆಯಿಂದ ಕಾಲಿನ ತನಕ ಕೊಪ್ಪೆ ಹಾಕ್ಕಂಡು ಬಿಸಿಲಿಗೆ ನಿಂತ.

ನಮ್ಮೂರ ಬಿಸಿಲು! ಒಂದು ಸಲ ಸೀನೋದ್ರೊಳಗೆ ಕಂಬಳಿ ಕಲ್ಲಾಗಿತ್ತು. ಕೈ ಒಳಗೆ, ಕಾಲು ಒಳಗೆ, ಮುಖ ಒಂದೇ ಹೊರಗೆ. ಕೂರಂಗಿಲ್ಲ, ಬಗ್ಗಂಗಿಲ್ಲ. ಮೂಗಿನ ಮೇಲೆ ನೊಣ ಕುಂತ್ರೆ ಓಡಿಸಾಕೆ ಕೈ ಎಲ್ಲೈತೆ? ಅದೂ ಜಮೀನು ಕೊಂಡಂಗೆ ಆರಾಮಾಗಿ ಕುಂತಿತ್ತು. ಒಣಗಿದಂಗೆಲ್ಲ ಕಂಬಳಿ ಬಿಗೀತಾ ಬಂತು. ಉಸಿರು ಎಳ್ಕಂಡ್ರೆ ಇಟ್ಕಳಾಕೆ ಜಾಗ ಇಲ್ಲ.

"ಕತ್ತರಿ ತರ್ಲೇನೋ?" ಅಂದೆ.

"ಬ್ಯಾಡಲೇ! ಕತ್ತರಿ ತಾಗಿದ ಕಂಬಳಿ ಗದ್ದಿಗೆಗೆ ಬರಲ್ಲ. ಬೀಗರು ಸಂಜಿಗೆ ಬರ್ತಾರೆ. ಸತ್ರೆ ಹಿಂಗೇ ಸಾಯ್ತೀನಿ."

"ಹಿಂಗೇ ಸತ್ರೆ ನಿಲ್ಲಿಸಿಯೇ ಹೂಳ್ಬೇಕಾಗ್ತೈತೆ."

ಅಷ್ಟೊತ್ತಿಗೆ ಗಾಣದ ಗಾದ್ರಪ್ಪ ಬಂದ. ಬಂಡಿ ಕಿರುಗುಟ್ಟಿದ್ರೂ ಎಣ್ಣೆ, ಕೂಸು ಅತ್ರೂ ಎಣ್ಣೆ, ಅವನಿಗೆ ಗೊತ್ತಿರೋ ಮದ್ದು ಅದೊಂದೇ. ಒಂದು ಕೊಡ ಹರಳೆಣ್ಣೆ ತಲೆ ಮೇಲಿಂದ ಸುರಿದ. ಗಂಜಿ ಜಪ್ಪಯ್ಯ ಅನ್ಲಿಲ್ಲ. ಆಮೇಲೆ ನೀರು ಹುಯ್ದ್ರೆ ಮಣಿಮಣಿಯಾಗಿ ಉರುಳಿ ಹೋಯ್ತು, ಕಂಬಳಿ ಒಂದು ಹನೀನೂ ಕುಡೀಲಿಲ್ಲ. ಜೋಗಪ್ಪನ ತುಟಿ ನೀಲಿಯಾಯ್ತು. ಕಣ್ಣು ಮಾತ್ರ ಆಡ್ತಿದ್ವು, ಬೋನಿಗೆ ಬಿದ್ದ ಇಲಿ ಕಣ್ಣಿನಂಗೆ.

ಮದುವೆ ಸೀರೆ ತಂದಿದ್ದ ಮೊಳಕಾಲ್ಮೂರಿನ ನೇಕಾರರ ಎರ್ರಮ್ಮ ಇದನ್ನ ನೋಡಿ ಹಣೆ ಚಚ್ಕಂಡ್ಳು.

"ಅಯ್ಯೋ ದೇವುಡಾ! ಗಂಜಿ ನೀರಿನ ನೆಂಟ ಕಣ್ರೋ. ನೀರು ಒಳಗೆ ಹೋಗಿದ್ರೆ ಉಣ್ಣೆ ಕೈ ಬಿಟ್ಟು ನೀರಿನ ಕೈ ಹಿಡೀತಿತ್ತು. ಎಣ್ಣೆಗೂ ನೀರಿಗೂ ಮಾತೇ ಇಲ್ಲ. ಅದನ್ನ ತಂದು ಬಾಗ್ಲಾಗೆ ಕುಂಡ್ರಿಸಿದ್ರಲ್ಲ!"

"ಈಗೇನು ಮಾಡೋದವ್ವಾ?" ಅಂದ ಗಾದ್ರಪ್ಪ.

"ಅಂಟುವಾಳ ಕಾಯಿ ತರ್ರಿ. ಅದಕ್ಕೆ ಎರಡು ಕೈ. ಒಂದ್ರಾಗೆ ಎಣ್ಣೆ ಹಿಡೀತೈತೆ, ಇನ್ನೊಂದ್ರಾಗೆ ನೀರು. ನಮ್ಮೂರೋರಂಗೆ, ಆ ಕಡೆ ತೆಲುಗು, ಈ ಕಡೆ ಕನ್ನಡ."

ಬೀಗರ ಬಂಡಿ ಗೆಜ್ಜೆ ಆಗ್ಲೇ ಕೇಳಿಸ್ತಿತ್ತು. ಬಿಸಿ ನೀರಾಗೆ ಅಂಟುವಾಳ ಹಿಸುಕಿ ಹುಯ್ದೇ ಹುಯ್ದ್ವಿ. ನೊರೆ ಎದ್ದು ಎಣ್ಣೇನ ಕರ್ಕಂಡು ಹೋಯ್ತು. ನೀರು ಒಳಗಿಳೀತು. ಗಂಜಿ ಮೆತ್ತಗಾತು. ಬೀಗರು ಬಂಡಿ ಇಳಿದ್ರು, ಅರ್ಧ ಊರು ಸುತ್ತ ನಿಂತೈತೆ. ಜೋಗಪ್ಪ ಎದೆ ತುಂಬ ಉಸಿರೆಳೆದ. ಒಂದು ಎಳೇನೂ ಹರೀದಂಗೆ ಕಂಬಳಿ ಜಾರಿ ಕಾಲ ಬುಡಕ್ಕೆ ಬಿತ್ತು. ಅದೇ ಗಂಜಿಗೆ ಅಂಟ್ಕಂಡಿದ್ದ ಪಂಚೇನೂ ಕಂಬಳಿ ಜೊತೆಗೇ... ಲೇ ಜೋಗಪ್ಪ, ಯಾಕೋ ಎದ್ದೆ? ಎಲ್ಲಿಗೆ ಹೋಗ್ತೀಯಾ? ನಿಮ್ಮ ಬೀಗಿತ್ತಿ ಆಗ ಏನಂದ್ಳು ಅನ್ನೋದು ಇನ್ನೂ ಹೇಳೇ ಇಲ್ವಲ್ಲೋ!