ಎರಡು ಬಸವನಹುಳು, ಹತ್ತು ಚೆರ್ರಿ

“ಅಣ್ಣಾರ, ಶಾಕಾಹಾರಿ ಮೀನು ಅದಾವೇನ್ರಿ ನಿಮ್ಮಲ್ಲೆ?”

ಖಾನಾಪುರದ ನನ್ನ ಸಾಕು ಮೀನಿನ ಅಂಗಡಿಗೆ ಬಂದವರು ಏನೇನೋ ಕೇಳಿದ್ದಾರೆ. ವಾಸ್ತುವಿಗೆ ಒಂದೇ ಒಂದು ಕರಿ ಮೀನು ಕೇಳಿದವರಿದ್ದಾರೆ, ಹೆಸರು ಹಿಡಿದು ಕರೆದರೆ ಬರುವ ಮೀನು ಕೇಳಿದವರಿದ್ದಾರೆ, ವರ್ಷಗಟ್ಟಲೆ ನೀರು ಬದಲಿಸದಿದ್ದರೂ ಬದುಕುವ ಮೀನು ಕೇಳುವವರಂತೂ ವಾರಕ್ಕೆ ಇಬ್ಬರು. ಶಾಕಾಹಾರಿ ಮೀನು ಕೇಳಿದವಳು ಪೂರ್ಣಿಮಾ ಒಬ್ಬಳೇ.

“ಅದಾವಲ್ರಿ ಅಕ್ಕಾರ. ಖಾನಾವಳಿಗತೆ ಬೋರ್ಡ್ ಹಾಕ್ಕೊಂಡು ಕುಂತಾವ, ಒಳಗ ಬರ್ರಿ” ಅಂದೆ.

ಆಕೆ ನಗಲಿಲ್ಲ. “ನಗಿ ಮಾತಲ್ರಿ. ಆರು ವರ್ಷ ಕೇಳಿ ಕೇಳಿ ಈಗ ನಮ್ಮತ್ತಿ ಹೂಂ ಅಂದಾರ. ಆದರ ಒಂದು ಕರಾರು. ಟ್ಯಾಂಕಿನ್ಯಾಗ ಒಂದು ಜೀವ ಇನ್ನೊಂದನ್ನ ಕೊಂದು ತಿನ್ನಬಾರದು. ತಿಂದ ದಿನ ಟ್ಯಾಂಕ್ ಬಾಗಲಾ ದಾಟತೈತಿ. ಆಮ್ಯಾಲ ಮನ್ಯಾಗ ಮತ್ತ ಮೀನಿನ ಹೆಸರು ತಗಿಯಂಗಿಲ್ಲ.”

ಪೂರ್ಣಿಮಾಳ ತವರು ನಮ್ಮ ಖಾನಾಪುರವೇ. ಚಿಕ್ಕವಳಿದ್ದಾಗ ಮಲಪ್ರಭೆಯ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟರೆ ಮರಿ ಮೀನುಗಳು ಬಂದು ಹಿಮ್ಮಡಿ ಕಚ್ಚುತ್ತಿದ್ದವಂತೆ. ತಾಯಿ ಕೋಲು ಹಿಡಿದು ಬರುವ ತನಕ ಏಳುತ್ತಿರಲಿಲ್ಲವಂತೆ. ಮದುವೆಯಾಗಿ ಹೋದದ್ದು ಬೆಳಗಾವಿಯ ಶಹಾಪುರಕ್ಕೆ, ಎರಡೂ ಬದಿಗೆ ದಿನವಿಡೀ ಮಗ್ಗ ಬಡಿಯುವ ಒಂದು ಇಕ್ಕಟ್ಟಿನ ಓಣಿಗೆ. “ಅಲ್ಲೆ ನೀರು ನೋಡೂದಂದ್ರ ಬ್ಯಾರಲ್ ತುಂಬಿತೇನು ನೋಡೂದು, ಅಷ್ಟರಿ” ಅಂದಳು. ಆಕೆಗೆ ಬೇಕಾಗಿದ್ದದ್ದು ಅಲಂಕಾರದ ವಸ್ತುವಲ್ಲ, ಒಂದೂವರೆ ಅಡಿ ಗಾಜಿನೊಳಗೆ ಹಿಡಿಯುವಷ್ಟು ಹೊಳೆ. ಅದನ್ನು ಕೇಳಿದ ಮೇಲೆ ಇಲ್ಲ ಅನ್ನಲು ನನ್ನಿಂದಾಗಲಿಲ್ಲ.

ನನ್ನ ಬಗ್ಗೆ ಎರಡು ಮಾತು ಹೇಳಬೇಕು. ಹೆಸರು ಮಾರ್ತಾಂಡಪ್ಪ. ಬೆಳಗಾವಿ ದಾರಿಯ ಮಚ್ಛೆ ಊರಿನ ಒಂದು ಕಾರ್ಖಾನೆಯಲ್ಲಿ ಹನ್ನೆರಡು ವರ್ಷ ಲೇಥ್ ನಡೆಸಿದವನು ನಾನು. ಅದು ಮುಚ್ಚಿದ ಮೇಲೆ ಮೀನಿನ ಅಂಗಡಿ ತೆಗೆದೆ. ಮರಾಠಿಯಲ್ಲಿ ಮೀನಿಗೆ ಮಚ್ಛಿ ಅನ್ನುತ್ತಾರಲ್ಲ, ಬಾಜೂಕಿನ ಚಹಾ ಅಂಗಡಿಯ ಸಾತಪ್ಪ ಇವತ್ತಿಗೂ “ಮಚ್ಛ್ಯಾಗ ದುಡದಾಂವ ಮಚ್ಛಿ ಮಾರಾಕ ಕುಂತ” ಅಂತ ಆಡಿಕೊಳ್ಳುತ್ತಾನೆ. ನನಗೆ ಯಾರೂ ಕಲಿಸಲಿಲ್ಲ. ನನ್ನ ಗುರುಗಳೆಲ್ಲ ಸತ್ತ ಮೀನುಗಳು. ಒಂದೊಂದೂ ಒಂದೊಂದು ಪಾಠ ಹೇಳಿಯೇ ಸತ್ತಿತು. ಹಾಗಾಗಿ ನನಗೆ ಗೊತ್ತಿರುವುದು ಸ್ವಲ್ಪವಾದರೂ ಗಟ್ಟಿ.

ಪೂರ್ಣಿಮಾ ಮೊಬೈಲು ತೆಗೆದು, ಗಂಡ ಚೇತನ ಆರಿಸಿದ ಮೀನುಗಳ ಚಿತ್ರ ತೋರಿಸಿದಳು. ಒಂದೊಂದನ್ನೇ ಹೊಡೆದು ಹಾಕುತ್ತ ಬಂದೆ.

“ಗೋಲ್ಡ್‌ಫಿಶ್ ಬ್ಯಾಡ. ಇಷ್ಟು ಸಣ್ಣ ಟ್ಯಾಂಕಿನ್ಯಾಗ ಅದು ಎಮ್ಮಿ ಕಟ್ಟಿದಂಗ. ತಿನ್ನೂದೂ ಭಾಳ, ಹೊಲಸೂ ಭಾಳ. ಏಂಜಲ್? ಹೆಸರಷ್ಟ ದೇವದೂತ. ದೊಡ್ಡದಾದ ಮ್ಯಾಲ ಸಣ್ಣ ಮೀನು ನುಂಗತೈತಿ. ಟೈಗರ್ ಬಾರ್ಬ್ ಅಂತೂ ಓಣಿ ಪುಂಡ. ಸುಮ್ಮನ ಹೊಂಟವರ ಬಾಲಾ ಕಡೀತೈತಿ.”

“ಫೈಟರ್?”

“ಹೆಸರ ಹೇಳತೈತಲ್ರಿ.”

“ಹಂಗಾದ್ರ ಏನುಳೀತ್ರಿ?” ಆಕೆಯ ಮುಖ ಸಣ್ಣದಾಯಿತು.

“ಅಕ್ಕಾರ, ಎಲ್ಲಾರೂ ಬಣ್ಣ ನೋಡಿ ಮೀನು ತೊಗೋತಾರ. ನಾವು ಬಾಯಿ ನೋಡಿ ತೊಗೊಳ್ಳೂಣು. ಬಾಯಾಗ ಹಿಡಿಸಲಾರದ್ದನ್ನ ಯಾವ ಮೀನೂ ತಿನ್ನಂಗಿಲ್ಲ.”

ಮೊದಲು ಟ್ಯಾಂಕ್ ಮತ್ತು ಪಾಚಿ ಗಿಡ ಮಾತ್ರ ಒಯ್ದು ಕೂಡಿಸಿದೆ. ನೀರು ಹಣ್ಣಾಗಲು, ಅಂದರೆ ಮೀನಿನ ಹೊಲಸು ಅರಗಿಸುವ ಸೂಕ್ಷ್ಮಜೀವಿ ಅದರಲ್ಲಿ ಬೆಳೆಯಲು, ಒಂದು ತಿಂಗಳು ಬೇಕು. ಬ್ಯಾರಲ್ಲಿನ ನೀರನ್ನು ಎರಡು ದಿನ ತೆರೆದಿಟ್ಟು ಹಾಕಬೇಕು ಎಂದೆಲ್ಲ ಹೇಳುವಾಗ ಒಳಗಿನಿಂದ ಅತ್ತೆ ಚಂದ್ರವ್ವ ಬಂದರು. ಎಪ್ಪತ್ತು ದಾಟಿದ್ದರೂ ನೆಟ್ಟಗಿನ ಬೆನ್ನು, ಹಣೆ ತುಂಬ ವಿಭೂತಿ.

“ಆಯಿ, ಈ ಗ್ವಾಡಿ ಬಾಜೂಕ ಇಡಲ್ರಿ?” ಎಂದೆ. ಮರಾಠಿ ಮನೆಯವನಾದ ನನಗೆ ಆಯಿ ಅಂದರೆ ತಾಯಿ. ಅವರ ಕನ್ನಡದಲ್ಲಿ ಆಯಿ ಅಂದರೆ ಅಜ್ಜಿ.

“ನಾ ನಿನಗ ಆಯಿ ಏನೋ? ಕನ್ನಡಿ ನೋಡಿಕೊಂಡಿಯೇನ? ನಿನ್ನ ತಲಿ ನನ್ನಕಿಂತ ಬೆಳ್ಳಗೈತಿ.” ಬರೀ ನೀರಿದ್ದ ಟ್ಯಾಂಕನ್ನು ನೋಡಿ ಸೊಸೆಗೆ ಹೇಳಿದರು, “ಪೂರ್ಣಿ, ಮೀನು ಎಲ್ಲೆ? ಬರೇ ನೀರ ಮಾರಿ ಹೊಂಟಾನೇನ ಇಂವಾ?”

ತಿಂಗಳಾದ ಮೇಲೆ ಪ್ಲಾಸ್ಟಿಕ್ ಚೀಲಗಳಲ್ಲಿ ಜೀವಗಳನ್ನು ತಂದೆ. ಚಂದ್ರವ್ವ ಸ್ಟೂಲ್ ಹಾಕಿಸಿಕೊಂಡು ಸಂಬಂಧ ನೋಡಲು ಕೂತವರಂತೆ ಕೂತರು. ಕುಲ ಗೋತ್ರ ಹೇಳದೆ ಒಂದನ್ನೂ ಬಿಡುವಂತಿರಲಿಲ್ಲ.

“ಇವು ಎಂಟು. ಚಿಲ್ಲಿ ರಾಸ್‌ಬೋರಾ ಅಂತಾರ. ನೋಡ್ರಿ, ಒಣಮೆಣಸಿನಕಾಯಿ ತುಂಡಿನಂಗ ಕೆಂಪಗದಾವ. ಬಾಯಿ ಸೂಜಿ ಕಣ್ಣಿನಷ್ಟ.”

“ಮೆಣಸಿನಕಾಯಿ ಅಂದ ಮ್ಯಾಲ ಶಾಕಾಹಾರಾನ ಆತಲ್ಲ. ಬಿಡು ಒಳಗ.”

“ಇವು ಎರಡು, ಬಸವನಹುಳ. ಗಾಜಿನ ಮ್ಯಾಲಿನ ಪಾಚಿ ನೆಕ್ಕಿ ಸ್ವಚ್ಛ ಇಡತಾವ.”

ಚಂದ್ರವ್ವ ಕನ್ನಡಕ ಏರಿಸಿ ಬಗ್ಗಿದರು. “ಬಸವನ ಹೆಸರು ಇಟಗೊಂಡು ದುಡಿಮಿ ಮಾಡತೈತಂದ್ರ ಅದಕ್ಕ ನಮ್ಮನ್ಯಾಗ ಯಾರೂ ಏನೂ ಅನ್ನಂಗಿಲ್ಲ. ಆ ಮೂರನೇ ಚೀಲದಾಗ?”

ನಾನು ಅಲ್ಲಿ ತಡವರಿಸಿದೆ. ಮೂರನೆಯ ಚೀಲದಲ್ಲಿದ್ದದ್ದು ಹತ್ತು ಕೆಂಪು ಸಿಗಡಿ. ಇಂಥ ಸಣ್ಣ ಟ್ಯಾಂಕಿಗೆ ಅವುಗಳಂಥ ಸಾಧು ಜೀವ ಇನ್ನೊಂದಿಲ್ಲ. ಉಳಿದ ಪುಡಿ, ಕೊಳೆತ ಎಲೆ ತಿಂದುಕೊಂಡು ತಮ್ಮಷ್ಟಕ್ಕೆ ಇರುತ್ತವೆ. ಆದರೆ ಸಿಗಡಿ ಅಂದರೆ ಸಂತೆಯಲ್ಲಿ ಬುಟ್ಟಿಗಟ್ಟಲೆ ಒಣಗಿಸಿಟ್ಟಿರುವುದು, ನಮ್ಮ ಮನೆಯಲ್ಲಿ ಚಟ್ನಿಯಾಗುವುದು, ಚಂದ್ರವ್ವನಂಥವರು ಸೆರಗು ಮೂಗಿಗೆ ಹಿಡಿದು ದಾಟುವುದು. ಇಂಗ್ಲಿಷಿನಲ್ಲಿ ಅವಕ್ಕೆ ಚೆರ್ರಿ ಶ್ರಿಂಪ್ ಅನ್ನುತ್ತಾರೆ, ನಾನು ಮೊದಲ ಅರ್ಧವನ್ನಷ್ಟೇ ಹೇಳಿದೆ.

“ಇವು... ಚೆರ್ರಿ ಅಂತಾರ್ರಿ ಆಯಿ.”

“ಚೆರ್ರಿ? ಬೇಕರ್ಯಾಗ ಕೇಕಿನ ಮ್ಯಾಲ ಇಡತಾರಲ್ಲ, ಅದಾ?”

“ಅದರ ಬಣ್ಣಾನ. ಭಾಳ ಸಾಧು ಜೀವ್ರಿ.”

ಹಿಂದೆ ನಿಂತಿದ್ದ ಪೂರ್ಣಿಮಾಳಿಗೆ ಅದೇ ಹೊತ್ತಿಗೆ ಕೆಮ್ಮು ಬಂತು.

ಇಪ್ಪತ್ತು ದಿನ ಎಲ್ಲ ಚೆನ್ನಾಗಿತ್ತು. ಪೂರ್ಣಿಮಾ ದಿನಾ ಒಂದು ಫೋಟೋ ಕಳಿಸುತ್ತಿದ್ದಳು. ಅದರಲ್ಲಿ ಅರ್ಧಕ್ಕೆ ಚಂದ್ರವ್ವನ ಮೂಗಿನ ನೆರಳು ಬಿದ್ದಿರುತ್ತಿತ್ತು. ಇಪ್ಪತ್ತೊಂದನೆಯ ದಿನ ಬೆಳಿಗ್ಗೆ ಹತ್ತಕ್ಕೆ ಫೋನು.

“ಅಣ್ಣಾರ, ಕೊಲಿ ಆತ್ರಿ. ಒಂದು ಚೆರ್ರಿ ಬಿದ್ದೈತಿ, ಬಣ್ಣಾನ ಇಲ್ಲ.”

“ಹೆಣ ಹಂಗ ಇರಲಿ, ಯಾರೂ ಮುಟ್ಟಬ್ಯಾಡ್ರಿ. ನಾ ಬಂದೆ” ಅಂದೆ. ಚಹಾ ಕೊಡಲು ಬಂದಿದ್ದ ಸಾತಪ್ಪನ ಕೈಯಿಂದ ಕಪ್ಪು ಬಿತ್ತು. ಅವನಿಗೆ ಬಿಡಿಸಿ ಹೇಳಲು ಪುರುಸೊತ್ತಿರಲಿಲ್ಲ.

ಗಾಡಿಯಲ್ಲಿ ಮಚ್ಛೆ ದಾಟುವಷ್ಟರಲ್ಲಿ ಒಬ್ಬೊಬ್ಬರನ್ನೇ ವಿಚಾರಣೆ ಮಾಡಿ ಬಿಟ್ಟಿದ್ದೆ. ಚಿಲ್ಲಿಗಳ ಬಾಯಿಗೆ ಅದು ಆಗದ ಕೆಲಸ. ಬಸವನಹುಳುವಿಗೆ ಹಲ್ಲು ಪಾಚಿಗಷ್ಟೆ. ಸಿಗಡಿ ಆರೋಗ್ಯವಾಗಿರುವ ಇನ್ನೊಂದು ಸಿಗಡಿಯನ್ನು ಕೊಲ್ಲುವುದಿಲ್ಲ. ಆಗಿದ್ದೇನು ಅನ್ನುವುದು ನನಗೆ ತಿಳಿದಿತ್ತು. ಅದನ್ನು ಚಂದ್ರವ್ವ ನಂಬುತ್ತಾರೋ ಇಲ್ಲವೋ, ಅದು ಬೇರೆ ಪ್ರಶ್ನೆ.

ಬಾಗಿಲಲ್ಲೇ ಖಾಲಿ ಬಕೀಟು ಇತ್ತು. ಪೂರ್ಣಿಮಾ ನೀರೆಳೆಯುವ ಪೈಪು ಸುತ್ತಿ ಹಿಡಿದು ನಿಂತಿದ್ದಳು. ಅಳುತ್ತಿರಲಿಲ್ಲ, ಆದರೆ ಟ್ಯಾಂಕಿನ ಕಡೆ ನೋಡುತ್ತಲೂ ಇರಲಿಲ್ಲ. ಚಂದ್ರವ್ವ ಸ್ಟೂಲಿನಿಂದ ಬೆರಳು ತೋರಿಸಿದರು. ತಳದಲ್ಲಿ ಒಂದು ಚೆರ್ರಿ ಬಿದ್ದಿತ್ತು. ಬಣ್ಣವೇ ಇಲ್ಲ. ಎರಡು ಚೆರ್ರಿಗಳು ಅದರ ಮೇಲೆ ಕೂತು ಕೆರೆದು ಕೆರೆದು ತಿನ್ನುತ್ತಿದ್ದವು.

“ನಿನ್ನ ಸಾಧುಗಳನ್ನ ನೋಡು. ತಮ್ಮ ಬಳಗಾನ ತಿನ್ನಾಕತ್ತಾವ.”

ಬಲೆ ಹಾಕಿ ಅದನ್ನು ಎತ್ತಿ, ಮೇಜಿನ ಮೇಲಿದ್ದ ಪೇಪರಿನ ಮೇಲೆ ಇಟ್ಟೆ. “ಓದ್ರಿ ಆಯಿ.”

“ಏನ್ ಓದ್ಲಿ?”

“ಇದರ ಕೆಳಗಿನ ಅಕ್ಷರ.”

ಅವರು ಕನ್ನಡಕ ಏರಿಸಿದರು. ಅಕ್ಷರಗಳು ಅದರ ಮೈಯೊಳಗಿಂದ ಸ್ಪಷ್ಟ ಕಾಣುತ್ತಿದ್ದವು. “ಒಳಗ ಏನೂ ಇಲ್ಲಲ್ಲೋ!”

“ಹೆಣ ಅಲ್ರಿ ಇದು. ಸತ್ತಿದ್ರ ಮೈ ದಪ್ಪಗ, ಬೆಳ್ಳಗ ಆಗತಿತ್ತು. ಹಾವು ಪೊರಿ ಬಿಡತೈತಲ್ಲ, ಹಂಗ. ಮೈ ಬೆಳೀತು, ಅಂಗಿ ಬಿಗಿ ಆತು, ಕಳದು ಒಗದೈತಿ. ಆ ಅಂಗ್ಯಾಗ ಸುಣ್ಣ ಇರತೈತಿ, ಅದಕ್ಕ ಉಳದವು ಕೆರಕೊಂಡು ತಿಂತಾವ.”

ಚಂದ್ರವ್ವ ಬಹಳ ಹೊತ್ತು ಪೇಪರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. “ಇಷ್ಟು ಕಾಲು, ಇಷ್ಟುದ್ದ ಮೀಸಿ. ಮಾರ್ತಾಂಡಪ್ಪ, ಇದು ಚೆರ್ರಿ ಅಲ್ಲ. ಇದು ಸಿಗಡಿ.”

ನಾನು ಬಲೆ ಕೆಳಗಿಟ್ಟೆ.

“ಹೌದ್ರಿ ಆಯಿ. ಸಿಗಡೀನ. ಹೆಸರು ಹೇಳಿದ್ರ ಒಳಗ ಬಿಡತಿದ್ದಿಲ್ಲ ನೀವು.”

“ಮತ್ತ ಇನ್ನೇನರ ಮುಚ್ಚಿಟ್ಟಿಯೇನು?”

“ಒಂದೈತಿ. ತಾನಾಗಿ ಸತ್ತದ್ದನ್ನ ಇವು ತಿಂತಾವ. ಕೊಲ್ಲಂಗಿಲ್ಲ, ಆದ್ರ ತಿಂತಾವ.”

“ಅದು ಕಸಬರಿಗಿ ಕೆಲಸ. ಅದನ್ನ ನಾ ಕೇಳಿಲ್ಲ. ನಾ ಕೇಳಿದ್ದು ಕೊಲ್ಲೂದರ ಮಾತು.” ಅವರು ಸ್ಟೂಲನ್ನು ಟ್ಯಾಂಕಿನ ಹತ್ತಿರ ಎಳೆದುಕೊಂಡರು. “ಒಮ್ಮೆ ಸುಳ್ಳು ಹೇಳಿದಾಂವನ ಮಾತಿನ ಮ್ಯಾಲ ನಾ ನಡಿಯಂಗಿಲ್ಲ. ಎಷ್ಟು ಬಿಟ್ಟಿದ್ದಿ?”

“ಹತ್ತು.”

“ಎಣಸೂಣು. ಹತ್ತು ಜೀವಂತ ಸಿಕ್ರ ಟ್ಯಾಂಕ್ ಇಲ್ಲೇ ಇರತೈತಿ. ಒಂಬತ್ತು ಸಿಕ್ರ ಬಕೀಟ ಅಲ್ಲೈತಿ.”

ಎಣಿಸಿದೆವು. ನಾನು ಎಂಟರಲ್ಲಿ ನಿಂತೆ. ಪೂರ್ಣಿಮಾ ಫಿಲ್ಟರಿನ ಹಿಂದೆ ಒಂಬತ್ತನೆಯದನ್ನು ಕಂಡಳು. ಅಲ್ಲಿಂದ ಮುಂದೆ ಇಲ್ಲ. ಮೂರು ಸಲ ಎಣಿಸಿದರೂ ಒಂಬತ್ತೇ. ಪೊರೆ ಬಿಟ್ಟ ಸಿಗಡಿಯ ಮೈ ಒಂದೆರಡು ದಿನ ಮೆತ್ತಗಿರುತ್ತದೆ, ಗಟ್ಟಿಯಾಗುವ ತನಕ ಎಲ್ಲೋ ಅಡಗಿರುತ್ತದೆ ಎಂದೆ. ನಿಜವೇ. ಆದರೆ ನಿಜ ಹೇಳುವಾಗಲೂ ನನ್ನ ದನಿ ಸುಳ್ಳು ಹೇಳಿದವನ ದನಿಯಂತೆಯೇ ಕೇಳಿಸಿತು.

“ಪಾಚಿ ಎತ್ತಿ ನೋಡತೀನಿ” ಅಂದೆ.

“ಕೈ ಹಾಕಬ್ಯಾಡ!” ಚಂದ್ರವ್ವನ ದನಿಗೆ ನನ್ನ ಕೈ ಗಾಳಿಯಲ್ಲೇ ನಿಂತಿತು. “ಮೂವತ್ತು ವರ್ಷ ಮಗ್ಗ ನಡಿಸೀನಿ. ಹಾಸಿನ್ಯಾಗ ಎರಡು ಸಾವಿರ ಎಳಿ. ಒಂದು ಹರದ್ರ ಕೈ ಹಾಕಿ ಕಲಕತಿದ್ದಿಲ್ಲ ನಾವು. ಕಲಕಿದ್ರ ಉಳದ ಎಳೀನೂ ಹೋಗತಾವ. ಪೂರ್ಣಿ, ಮ್ಯಾಲಿನ ಲೈಟ್ ಆರಸು. ಕಿಟಕಿ ತಗಿ. ಬೆಳಕು ಬಾಜೂಕಿಂದ ಬರಬೇಕು.”

ನಾನು ಎಂಟು ವರ್ಷದಿಂದ ಮೀನು ನೋಡುತ್ತಿದ್ದೇನೆ. ಮೇಲಿನ ಬೆಳಕಿನಲ್ಲೇ ನೋಡುತ್ತಿದ್ದೇನೆ. ಅಡ್ಡ ಬಿದ್ದ ಬೆಳಕಿನಲ್ಲಿ ಪಾಚಿಯ ಒಂದೊಂದು ಎಳೆಯೂ ಬೇರೆ ಬೇರೆಯಾಗಿ ನಿಂತಿತು.

ಚಂದ್ರವ್ವ ಎಡದಿಂದ ಬಲಕ್ಕೆ ನೋಡುತ್ತ ಹೋದರು. ಬೆರಳು ಗಾಜಿಗೆ ತಾಗಿಸದೆ, ಒಂದೊಂದೇ ಬೆರಳಗಲ. ಗಡಿಯಾರದಲ್ಲಿ ಹನ್ನೆರಡಾಯಿತು. ಅಡಿಗೆಮನೆಯಲ್ಲಿ ರೊಟ್ಟಿ ಹಿಟ್ಟು ಹಾಗೇ ಇತ್ತು. ಪೂರ್ಣಿಮಾಳಿಗೆ ತಡೆಯಲಾಗಲಿಲ್ಲ. “ಸಾಕು ಬಿಡ್ರಿ ಅತ್ತಿ. ನಾನ ಖಾಲಿ ಮಾಡತೀನಿ” ಎಂದು ಪೈಪು ನೀರಿಗೆ ಇಳಿಬಿಟ್ಟಳು.

ಚಂದ್ರವ್ವ ತಿರುಗದೆಯೇ ಆ ಕೈಯನ್ನು ಫಟ್ಟನೆ ಬಡಿದರು. “ಆರು ವರ್ಷ ಕೇಳಿದಾಕಿ ಆರು ತಾಸು ಕಾಯಂಗಿಲ್ಲೇನ? ಇಡು ಕೆಳಗ.”

ಪೂರ್ಣಿಮಾ ಪೈಪು ಇಟ್ಟಳು. ಅತ್ತೆಯ ಪಕ್ಕದಲ್ಲಿ ನೆಲದ ಮೇಲೆ ಕೂತಳು. ಹೊಳೆಯ ಮೆಟ್ಟಿಲ ಮೇಲೆ ಹೀಗೆಯೇ ಕೂರುತ್ತಿದ್ದಳೇನೋ.

ಮತ್ತೆ ಎಷ್ಟು ಹೊತ್ತಾಯಿತೋ. ಚಂದ್ರವ್ವನ ಬೆರಳು ಬಲಗಡೆ ಮೂಲೆಯಲ್ಲಿ, ಕಲ್ಲಿಗೂ ಪಾಚಿಯ ಬುಡಕ್ಕೂ ನಡುವೆ ನಿಂತಿತು.

“ಅಲ್ಲೈತಿ.”

“ಎಲ್ರಿ?” ನಾನೂ ಪೂರ್ಣಿಮಾಳೂ ಒಟ್ಟಿಗೆ ತಲೆ ತೂರಿಸಿ ಹಣೆ ಬಡಿದುಕೊಂಡೆವು.

“ಆ ಎಳಿ ಹಿಂದ. ಮೀಸಿ ಅಲಗಾಡತೈತಿ ನೋಡು. ಬಾಣಂತಿಗತೆ ಮೂಲಿ ಹಿಡದು ಕುಂತೈತಿ ಪಾಪ.”

ಇತ್ತು. ಉಳಿದವುಗಳಿಗಿಂತ ತಿಳಿ ಕೆಂಪು, ಹೊಸ ಮೈ. ಎರಡು ಮೀಸೆಗಳು ಬೆಳಕಿನಲ್ಲಿ ನೂಲಿನ ಹಾಗೆ ಹೊಳೆಯುತ್ತಿದ್ದವು. ಪೂರ್ಣಿಮಾ ಗಾಜಿಗೆ ಮೂಗು ಹಚ್ಚಿದಳು, ಉಸಿರಿನ ಮಂಜು ಮೂಡಿದರೂ ಸರಿಯಲಿಲ್ಲ.

“ಆ ಅಂಗಿ ಒಳಗ ಹಾಕೋ ಮಾರ್ತಾಂಡಪ್ಪ” ಎಂದರು ಚಂದ್ರವ್ವ. “ಸುಣ್ಣ ಐತಿ ಅಂದಿ, ತಿನ್ನಲಿ. ಪೂರ್ಣಿ, ಬಕೀಟ ಬಚ್ಚಲಕ್ಕ ಇಡು. ಇವನೂ ಊಟಕ್ಕ ಕುಂದರತಾನ. ಆಯಿ ಅಂತಾನಲ್ಲ, ಅದಕ್ಕ.”

ಪೂರ್ಣಿಮಾ ಬಕೀಟು ಎತ್ತುವಷ್ಟರಲ್ಲಿ ಎದುರು ಮನೆಯ ಭರಮವ್ವ ಹೊಸ್ತಿಲಿಗೆ ಬಂದಿದ್ದರು. ಓಣಿಯಲ್ಲಿ ಸುದ್ದಿ ಆಗಲೇ ಹಬ್ಬಿತ್ತು. “ಏನಬೇ ಚಂದ್ರವ್ವಾ, ಮೀನು ಹೊರಗ ಹಾಕಾಕತ್ತೀರಂತ?”

ಚಂದ್ರವ್ವ ಸ್ಟೂಲಿನಿಂದ ಎದ್ದು, ಸೆರಗು ಸರಿಮಾಡಿಕೊಂಡು, ನಾಲ್ಕು ಮನೆಗೆ ಕೇಳುವಂತೆ ಹೇಳಿದರು, “ಯಾಕ ಹಾಕಲಿ? ನಮ್ಮನ್ಯಾಗ ಹತ್ತು ಸಿಗಡಿ ಅದಾವ. ಹತ್ತೂ ಅದಾವ.”

ಭರಮವ್ವನ ಸೆರಗು ಮೂಗಿಗೇರಿತು. “ಯವ್ವ ಯವ್ವಾ! ನಿಮ್ಮನ್ಯಾಗ ಸಿಗಡಿ?”

“ತಿನ್ನಾಕಲ್ಲಬೇ, ಎಣಸಾಕ.”